ಯಾರ ಮನೆಯ ಹೆಪ್ಪು

“ಮೇಡಂ, ಒಂದು ಕಾಮಾ ಹಿಂದೆ ಮುಂದೆ ಆದರೆ ವಿಜ್ಞಾನಕ್ಕೆ ಏನು ನಷ್ಟ?” ಎಂದು ಮಾದೇಶ ಕೇಳಿದ.

ಕೇಳಿದ್ದು ಸಿಟ್ಟಿನಲ್ಲಿ. ರಾಗಿಯ ಬೆಂಕಿರೋಗದ ಮೇಲೆ ಅವನು ಬರೆದ ಮೊದಲ ಲೇಖನವನ್ನು ಪತ್ರಿಕೆಯವರು ಎರಡನೆಯ ಸಲ ಹಿಂದಕ್ಕೆ ಕಳಿಸಿದ್ದರು. ಸಂಶೋಧನೆಯ ಬಗ್ಗೆ ಅವರ ತಕರಾರಿರಲಿಲ್ಲ. ಕೊನೆಯಲ್ಲಿದ್ದ ಆಕರಗಳ ಪಟ್ಟಿ ತಮ್ಮ ಕ್ರಮದಲ್ಲಿಲ್ಲ ಎಂದಿದ್ದರು. ಮೊದಲು ಲೇಖಕರ ಹೆಸರು, ಆಮೇಲೆ ವರ್ಷ, ಆಮೇಲೆ ಪತ್ರಿಕೆ, ಕೊನೆಗೆ ಪುಟ. ಎಲ್ಲಿ ಕಾಮಾ, ಎಲ್ಲಿ ಚುಕ್ಕಿ ಎಂಬುದಕ್ಕೂ ಕಟ್ಟಳೆ. ಈ ತಿಂಗಳೊಳಗೆ ಲೇಖನ ಒಪ್ಪಿಗೆಯಾಗದಿದ್ದರೆ ಮಾದೇಶ ಥೀಸಿಸ್ ಸಲ್ಲಿಸುವಂತಿರಲಿಲ್ಲ. ಪಟ್ಟಿಯ ಅರ್ಧವನ್ನು ಅವನು ಮೂಲಗಳನ್ನು ತೆರೆದೂ ನೋಡದೆ ಬೇರೊಬ್ಬರ ಲೇಖನದಿಂದ ಹಾಗೆಯೇ ಎತ್ತಿಕೊಂಡಿದ್ದ. ವಿಭಾಗದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಎತ್ತಿಕೊಂಡದ್ದನ್ನು ಮತ್ತೆ ತಿದ್ದುತ್ತ ಕೂರುವುದು ಅವನಿಗೆ ಕತ್ತೆ ಚಾಕರಿಯಾಗಿ ಕಂಡಿತ್ತು.

ದೇವಾಜಮ್ಮಣ್ಣಿ ಅವನ ಮಾರ್ಗದರ್ಶಕರು. ನಿವೃತ್ತಿ ಹತ್ತಿರವಾಗಿತ್ತು, ಅವನೇ ಅವರ ಕೊನೆಯ ಶಿಷ್ಯ. ಕೊನೆಯ ಮಗುವಿನ ಹಟದ ಹಾಗೆ ಅವನ ಸಿಟ್ಟು ಅವರಿಗೆ ಮುದ್ದಾಗಿಯೇ ಕಾಣುತ್ತಿತ್ತು. ಊಟದ ಡಬ್ಬಿ ಬಿಚ್ಚಿ, ಅರ್ಧ ಮೊಸರನ್ನವನ್ನು ಮುಚ್ಚಳಕ್ಕೆ ಹಾಕಿ ಅವನ ಮುಂದಿಟ್ಟರು.

“ಮೊದಲು ತಿನ್ನು. ಹಸಿದವನ ಹತ್ತಿರ ಕಾಮಾ ವಿಷಯ ಮಾತಾಡಬಾರದು,” ಎಂದರು. ಅವನು ತಿನ್ನತೊಡಗಿದ ಮೇಲೆ ಕತೆ ಹೇಳಿದರು.

ಒಂದು ಊರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂಬ ಪದ್ಧತಿ ಬೇಕಾದಷ್ಟು ಊರುಗಳಲ್ಲಿದೆ. ಆ ಊರಿನಲ್ಲಿ ಇನ್ನೊಂದು ಇತ್ತು. ಹೆಪ್ಪಿಗೆಂದು ಒಂದು ಚಮಚ ಮೊಸರು ಕೊಡುವವಳು, ತಾನು ಅದರ ಹೆಪ್ಪನ್ನು ಎಲ್ಲಿಂದ ತಂದೆ ಎಂದು ಹೇಳಿಯೇ ಕೊಡಬೇಕು. ಹೇಳುವುದಕ್ಕೂ ಒಂದು ಕ್ರಮ. ಮೊದಲು ಕೊಟ್ಟವಳು ಯಾರು, ಆಮೇಲೆ ಯಾವ ಹಬ್ಬದ ಹೊತ್ತಿಗೆ ತಂದದ್ದು, ಆಮೇಲೆ ಯಾವ ಬೀದಿ, ಕೊನೆಗೆ ಎಷ್ಟನೆಯ ಬಾಗಿಲು. ಯಾರಾದರೂ ಹಿಂದೆ ಮುಂದೆ ಹೇಳಿದರೆ ಅಜ್ಜಿಯರು ಕಿವಿಯೇ ಕೇಳದವರ ಹಾಗೆ ಕುಳಿತು ಇನ್ನೊಮ್ಮೆ ಹೇಳಿಸುತ್ತಿದ್ದರು. ಹಾಗಾಗಿ ಮೊಸರು ಕೆಟ್ಟರೆ ಆ ಊರಿನಲ್ಲಿ ಯಾರೂ ಹಣೆ ಚಚ್ಚಿಕೊಳ್ಳುತ್ತಿರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ಹಿಂದಕ್ಕೆ ನಡೆದು ಒಳ್ಳೆಯ ಮೊಸರಿದ್ದ ಮನೆಯನ್ನು ಮುಟ್ಟುತ್ತಿದ್ದರು.

ಅಲ್ಲಿಯ ಒಬ್ಬ ರೈತನ ಮನೆಗೆ ಸೊಸೆ ಬಂದಳು. ಊರಂಚಿನ ಗುಡಿಸಲಿನಲ್ಲಿ ಒಬ್ಬ ಮುದುಕಿಯಿದ್ದಳು, ಅವಳಿಗೆ ಒಂದು ಹಸು. ಸೌದೆಗೆ ಹೋದ ಸೊಸೆ ಬಾಯಾರಿ ಅವಳ ಬಾಗಿಲಿಗೆ ಹೋದಳು. ಮುದುಕಿ ಮಜ್ಜಿಗೆ ಕೊಟ್ಟು, ಹೆಪ್ಪಿಗೂ ಒಂದಿಷ್ಟು ಮೊಸರನ್ನು ಎಲೆಯಲ್ಲಿ ಕಟ್ಟಿಕೊಟ್ಟಳು. ಆ ಹೆಪ್ಪಿನ ಮೊಸರು ಕುಡಿಕೆ ಬೋರಲು ಹಿಡಿದರೂ ಬೀಳದಷ್ಟು ಗಟ್ಟಿ. ಕಡುಬೇಸಿಗೆಯಲ್ಲೂ ಎರಡನೆಯ ದಿನಕ್ಕೆ ಹುಳಿ ಬರುತ್ತಿರಲಿಲ್ಲ.

ರುಚಿ ಕಂಡ ನೆರೆಮನೆಯವಳು ಹೆಪ್ಪು ಕೇಳಲು ಬಂದಳು. ಆ ಹೊತ್ತಿಗೆ ಅತ್ತೆಯ ತವರಿನವರು ಜಗಲಿಯ ಮೇಲೆ ಕುಳಿತಿದ್ದರು. ಅವರ ಮುಂದೆ ಗುಡಿಸಲಿನ ಹೆಸರು ಹೇಳಲು ಸೊಸೆಗೆ ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು:

“ಸಾಹುಕಾರರ ಹೆಂಡತಿ ಕೊಟ್ಟದ್ದು, ಯುಗಾದಿಗೆ, ಪೇಟೆ ಬೀದಿ, ಬಲಗಡೆ ಮೂರನೆಯ ಬಾಗಿಲು.”

ಕ್ರಮ ಒಂದಿಷ್ಟೂ ತಪ್ಪಿರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಅಜ್ಜಿಯರು ತಲೆದೂಗಿದರು.

ನೆರೆಮನೆಯವಳನ್ನು ಇನ್ನೊಬ್ಬಳು ಹೆಪ್ಪು ಕೇಳಿದಳು. ಪದ್ಧತಿಯಂತೆ ನೆರೆಮನೆಯವಳು ಸೊಸೆಯ ಮನೆಯನ್ನು ಹೇಳಬೇಕಿತ್ತು. ಆದರೆ ರೈತನ ಮನೆಗಿಂತ ಸಾಹುಕಾರರ ಮನೆ ಹೇಳಲು ಚೆಂದ. “ಸಾಹುಕಾರರ ಹೆಂಡತಿ, ಯುಗಾದಿಗೆ, ಪೇಟೆ ಬೀದಿ,” ಎಂದಳು. ಅವಳಿಂದ ತಂದವಳೂ ಅದನ್ನೇ ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಸೊಸೆ ಹಿಂದಕ್ಕೆ ಕರೆದರೂ ಆ ಮಾತು ಬರುವಂತಿರಲಿಲ್ಲ. ಅವಳು ಕರೆಯಲೂ ಇಲ್ಲ. ಊರೆಲ್ಲ ಮುದುಕಿಯ ಮೊಸರು ತಿಂದು ಸಾಹುಕಾರರ ಮನೆಯನ್ನು ಹೊಗಳಿತು.

ಮರುವರ್ಷ ದನಗಳಿಗೆ ಕಾಲುಬಾಯಿ ರೋಗ ಬಂತು. ಊರಿನಲ್ಲಿ ಹಾಲಿಲ್ಲದಾಯಿತು. ಮೊಸರಿನ ಕುಡಿಕೆಗಳು ಒಣಗಿದವು. ತಿಂಗಳುಗಳು ಕಳೆದು ಮತ್ತೆ ಹಾಲು ಕಂಡಾಗ ಹೆಂಗಸರು ಹೆಪ್ಪು ಹುಡುಕಿ ಹೊರಟರು. ಎಲ್ಲರಿಗೂ ದಾರಿ ಬಾಯಿಪಾಠವಾಗಿತ್ತು. ಪೇಟೆ ಬೀದಿ, ಬಲಗಡೆ ಮೂರನೆಯ ಬಾಗಿಲು. ಸಾಹುಕಾರರ ಹೆಂಡತಿ ಒಳ್ಳೆಯವಳು, ನೆಂಟರ ಊರಿನಿಂದ ತರಿಸಿದ್ದ ತನ್ನ ಮೊಸರನ್ನೇ ಎಲ್ಲರಿಗೂ ಕೊಟ್ಟಳು. ಅದು ಮಧ್ಯಾಹ್ನದೊಳಗೆ ಹುಳಿಯಾಯಿತು, ಮಕ್ಕಳು ತಟ್ಟೆ ತಳ್ಳಿದರು. ಹೆಂಗಸರು ಹೋಗಿ ದೂರಿದಾಗ ಅವಳು ಕಕ್ಕಾಬಿಕ್ಕಿಯಾದಳು. ಹಾಲು ನಿಲ್ಲುವ ಮೊದಲು ಅವರಲ್ಲಿ ಒಬ್ಬರೂ ಹೆಪ್ಪಿಗೆಂದು ಆ ಮನೆಯ ಮೆಟ್ಟಿಲು ಹತ್ತಿದವರಾಗಿರಲಿಲ್ಲ.

ಸೊಸೆಗೆ ಮಾತ್ರ ದಾರಿ ಗೊತ್ತಿತ್ತು. ಅವಳು ಕುಡಿಕೆ ಹಿಡಿದು ಊರಂಚಿಗೆ ಓಡಿದಳು. ಮುದುಕಿ ಅವಳನ್ನು ಕಂಡು ಹಿಗ್ಗಿ, ಕೈಹಿಡಿದು ಕೂರಿಸಿಕೊಂಡಳು.

“ಅವ್ವಾ, ಒಂದು ಚಮಚ ಹೆಪ್ಪು ಕೊಡು,” ಎಂದಳು ಸೊಸೆ.

“ನಿಂಗೆ ಕೊಟ್ಟ ಮೇಲೆ ಒಬ್ರೂ ಈ ಕಡೆ ಬರ್ನಿಲ್ಲ ಕಣವ್ವ. ನಮ್ಮ ಮೊಸರು ಊರಿಗೆ ಸೇರ್ನಿಲ್ಲವೇನೋ ಅನ್ಕಂಡೆ. ನನ್ನ ಹಸಕ್ಕೆ ಆ ಬೇನೆ ತಗುಲ್ನಿಲ್ಲ. ಯಾರಾದ್ರೂ ಬಂದಾರು ಅಂತ ಹೆಪ್ಪು ಕಾಯ್ಕಂಡೇ ಇದ್ದೆ. ಮೊನ್ನೆ ಹಸ ಬತ್ತೋಯ್ತು. ಕುಡಿಕೆ ತೊಳೆದು ಬೋರಲು ಹಾಕ್ಬಿಟ್ಟೆ.”

ಸೊಸೆ ಕುಳಿತಲ್ಲೇ ಅತ್ತಳು. ಮೊಸರಿಗೆ ಯಾರಾದರೂ ಇಷ್ಟು ಅಳುತ್ತಾರೆಯೇ ಎಂದು ಮುದುಕಿಗೆ ಸೋಜಿಗವಾಯಿತು. ಅವಳ ತಲೆ ಸವರಿ, ಕುಡಿಯಲು ನೀರು ಕೊಟ್ಟಳು. ಆ ಮೊಸರನ್ನು ಊರು ಮತ್ತೆ ತಿನ್ನಲಿಲ್ಲ.

ದೇವಾಜಮ್ಮಣ್ಣಿ ಡಬ್ಬಿ ಮುಚ್ಚಿದರು. ಮಾದೇಶ ಮುಚ್ಚಳವನ್ನು ಬೆರಳಿನಿಂದ ಬಳಿದು ತಿಂದಿದ್ದ. ಅವನಿಗೆ ಮುದುಕಿಯ ಮೇಲೆ ಮರುಕ ಬಂದಿತ್ತು, ಸೊಸೆಯ ಮೇಲೆ ಕೋಪ ಬಂದಿತ್ತು.

“ಎಲ್ಲ ಆ ಸೊಸೆಯಿಂದಲೇ ಆದದ್ದು, ಮೇಡಂ. ಉಳಿದವರದೇನು ತಪ್ಪು? ಪಾಪ, ಅವರು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು,” ಎಂದ.

ಅವರು ನಕ್ಕರು. ಅವನ ಲೇಖನವನ್ನು ಎಳೆದುಕೊಂಡು ಕೊನೆಯ ಪುಟ ತೆರೆದು, ಪೆನ್ಸಿಲ್ಲನ್ನು ಅವನ ಕೈಗೆ ಕೊಟ್ಟರು.

“ಕಾಮಾಗಳನ್ನು ನಾನೇ ಕೂತು ತಿದ್ದಿಕೊಡ್ತೀನಿ ಕಣೋ, ಇದರಲ್ಲಿ ನೀನು ಬಾಗಿಲು ತಟ್ಟದ ಮನೆ ಯಾವ್ಯಾವುವು, ಅದಕ್ಕಷ್ಟು ಗುರುತು ಹಾಕಿಕೊಡು.”

ಮಾದೇಶ ಪಟ್ಟಿಯ ಮೊದಲ ಸಾಲಿನ ಪಕ್ಕ ಒಂದು ಗುರುತು ಹಾಕಿದ, ಆಮೇಲೆ ಅದರ ಕೆಳಗಿನದಕ್ಕೂ.