ಹನ್ನೊಂದನೆಯ ಅಧ್ಯಾಯ

ಹೇಮಾವತಿ ನದಿಯ ದಡದ ಒಂದು ಆಶ್ರಮದಲ್ಲಿ ಚಿದಂಬರಯ್ಯ ಎಂಬ ಗುರುಗಳು ಒಬ್ಬರೇ ಇದ್ದರು. ಮಂತ್ರ ಹೇಳಿಕೊಡುವ ಗುರುಗಳಲ್ಲ, ಕಾದಂಬರಿ ಓದಿಸುವ ಗುರುಗಳು.

ಅವರದೊಂದು ಪದ್ಧತಿ. ಒಂದು ಪುಟ ಗುರು ಓದಬೇಕು, ಮುಂದಿನದು ಶಿಷ್ಯರು. ಒಬ್ಬರ ಸರದಿಯ ಪುಟವನ್ನು ಇನ್ನೊಬ್ಬರು ಓದುವ ಹಾಗಿಲ್ಲ.

ಶಿಷ್ಯೆ ಮಂದಾಕಿನಿ ಯುಗಾದಿಯ ಮರುದಿನ ಊರಿಗೆ ಹೋದವಳು, ನಾಲ್ಕು ದಿನದಲ್ಲಿ ಬರ್ತೀನಿ ಅಂದಿದ್ದಳು. ಬಂದದ್ದು ಕಾರ್ತಿಕದ ಕೊನೆಗೆ. ನಡುವೆ ಒಂದು ಕಾಗದವಾದರೂ ಬೇಡವೇ? ಅದೂ ಇಲ್ಲ.

ಮಟಮಟ ಮಧ್ಯಾಹ್ನ ಬಾಗಿಲು ತಟ್ಟಿದಳು. ತೆರೆಯಲು ಬಹಳ ಹೊತ್ತಾಯಿತು.

"ಮಲಗಿದ್ರಾ ಗುರುಗಳೇ?"

"ಇಲ್ಲಮ್ಮ. ಇಲ್ಲೇ, ಬಾಗಿಲ ಹಿಂದೆ ಕೂತಿದ್ದೆ."

ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಅವಳಿಗೆಲ್ಲಿತ್ತು! ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ನಾಳೆಯೇ ಮೊದಲ ಪಾಠ. ಅದೂ ಇವರಿಬ್ಬರೂ ಹತ್ತು ಅಧ್ಯಾಯ ಜೊತೆಗೆ ಓದಿದ್ದ ಹಳೆಯ ಕಾದಂಬರಿ. ಉಳಿದೆರಡನ್ನು ಅವಳು ಊರಲ್ಲಿ ಒಬ್ಬಳೇ ಓದಿ ಮುಗಿಸಿದ್ದಳು.

ಚೀಲದಿಂದ ಒಂದು ಹಾಳೆ ತೆಗೆದಳು.

"ಕಥೆಯನ್ನೆಲ್ಲ ಒಂದೇ ಹಾಳೆಗೆ ಇಳಿಸಿದ್ದೀನಿ. ಆರಂಭ, ಸಂಘರ್ಷ, ಅಂತ್ಯ. ಎಲ್ಲ ಸರಿಯಾಗಿ ಕೂತಿದೆ, ಕೊನೆಯದೊಂದು ಬಿಟ್ಟು."

"ಹೇಳು."

"ಹತ್ತನೆಯ ಅಧ್ಯಾಯದಲ್ಲಿ ಅಚ್ಚಮ್ಮನ ಗಂಡ ಈಗ ಬಂದೆ ಅಂತ ಹೇಳಿ ಹೋಗ್ತಾನೆ. ಹನ್ನೆರಡರಲ್ಲಿ ಬಂದು ಬಾಗಿಲು ತಟ್ತಾನೆ. ಒಳ್ಳೆಯವನು, ಜಗಳ ಆಡಿ ಹೋದವನಲ್ಲ. ಆದ್ರೂ ಆಕೆ ಬಾಗಿಲು ತೆಗೆಯಲ್ಲ! ಯಾಕೆ? ಹುಡುಗರು ಇದನ್ನೇ ಕೇಳೋದು. ಮೊದಲ ದಿನವೇ ಬೆಬ್ಬೆಬ್ಬೆ ಅಂದ್ರೆ ನನ್ನ ಮಾನ ಉಳಿಯುತ್ತಾ?"

"ಹನ್ನೊಂದರಲ್ಲಿ ಏನಾಗುತ್ತೆ?"

"ಅದರಲ್ಲಿ ಏನೂ ನಡೆಯಲ್ಲ ಗುರುಗಳೇ. ಗುಡಿಸ್ತಾಳೆ, ಅಡುಗೆ ಮಾಡ್ತಾಳೆ, ಎರಡು ಎಲೆ ಹಾಕ್ತಾಳೆ, ಒಂದನ್ನು ಎತ್ತಿಡ್ತಾಳೆ. ಮರುದಿನವೂ ಅದೇ. ಬೇಜಾರಾಗಿ ನಾಲ್ಕು ಪುಟ ಹಾರಿಸಿಬಿಟ್ಟೆ. ಈ ಹಾಳೆಗೂ ಹಾಕಿಲ್ಲ."

ಗುರುಗಳು ಎದ್ದರು. ಗೋಡೆಯ ಗೂಡಿನಿಂದ ತಮ್ಮ ಪ್ರತಿಯನ್ನು ತಂದು ಅವಳ ಕೈಗಿಟ್ಟರು.

ಪುಸ್ತಕ ತೆರೆದರೆ, ಗುರುತಿಗೆ ಇಟ್ಟಿದ್ದ ಬೇವಿನೆಲೆ ಒಣಗಿ ಹೋಗಿತ್ತು. ಬೆರಳು ತಾಗಿದ್ದೇ ಪುಡಿಯಾಯಿತು. ಯುಗಾದಿಯ ಬೇವು. ಹನ್ನೊಂದನೆಯ ಅಧ್ಯಾಯದ ಮೊದಲ ಪುಟ.

"ಅಯ್ಯೋ, ನಾನು ಹೋಗುವಾಗ ನಿಲ್ಲಿಸಿದ್ದು ಇಲ್ಲೇ ಅಲ್ವಾ! ಆಮೇಲೆ ನೀವು ಓದಲೇ ಇಲ್ವಾ?"

"ನಿನ್ನ ಸರದಿ ಇತ್ತಲ್ಲಮ್ಮ."

ಮಂದಾಕಿನಿ ಆಗ ನೆಲ ನೋಡಿದಳು. ಗುರುಗಳ ಮಣೆಯ ಎದುರಿಗೆ ಅವಳ ಮಣೆಯೂ ಹಾಕಿತ್ತು, ಧೂಳೊರೆಸಿ. ಇವತ್ತು ಬರುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿ, ತನ್ನ ಮಣೆಯ ಮೇಲೆ ಕೂತಳು.

"ನಾಳೆ ಹುಡುಗರಿಗೆ ಏನು ಹೇಳಲಿ ಗುರುಗಳೇ?"

ಗುರುಗಳೂ ಎದುರಿಗೆ ಕೂತರು.

"ಏನೂ ನಡೆಯಲ್ಲ ಅಂದ್ಯಲ್ಲ, ಆ ಅಧ್ಯಾಯ ಓದು. ಎಂಟು ತಿಂಗಳಿಂದ ನಾನು ಅದರಲ್ಲೇ ಇದ್ದೀನಿ."