ತಿರುವಿನಲ್ಲಿ ಕೂತವನು

“ಗುರುಗಳೇ, ಏನನ್ನೂ ಮಾಡದೆ ಬರೀ ನೋಡಿದವನಿಗೂ ಪಾಪ ತಟ್ಟುತ್ತದೆಯೇ?” ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಮಠದ ಬಾವಿಯ ಮೆಟ್ಟಿಲ ಮೇಲೆ, ಮೊದಲೇ ಸವಾಲು ಹಾಕಿಕೊಂಡಿದ್ದ ಇಬ್ಬರು ವಿದ್ಯಾರ್ಥಿಗಳು ಹೊಡೆದಾಡಿದ್ದರು. ಒಬ್ಬ ಉರುಳಿಬಿದ್ದು ತೋಳು ಮುರಿದುಕೊಂಡಿದ್ದ. ಆಗ ಈ ಶಿಷ್ಯನೂ ಅಲ್ಲಿದ್ದ. ಅವನು ಯಾರನ್ನೂ ತಳ್ಳಿರಲಿಲ್ಲ, ಯಾರ ಪರವಾಗಿಯೂ ಒಂದು ಮಾತು ಆಡಿರಲಿಲ್ಲ. ಗುರುಗಳು ಆ ವಿಚಾರ ಎತ್ತದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ, ಸೀಮಂತ, ನಾಮಕರಣಗಳ ಫೋಟೋ ತೆಗೆದು ಸಂಸಾರ ನಡೆಸುತ್ತಿದ್ದ. ಆದರೆ ಅವನ ಜೀವವೆಲ್ಲ ಇದ್ದದ್ದು ಸೈಕಲ್ ರೇಸಿನಲ್ಲಿ. ಆ ಸೀಮೆಯ ಜನಕ್ಕೆ ಸೈಕಲ್ ರೇಸೆಂದರೆ ಹುಚ್ಚು. ಓಡಿಸುವವರೇನೂ ಹೆಸರಾಂತ ಪಟುಗಳಲ್ಲ. ಬೇಕರಿಯವನು, ಕನ್ನಡ ಮೇಷ್ಟ್ರು, ಪಂಚಾಯಿತಿ ಗುಮಾಸ್ತ, ಇಂಥವರೇ. ವಾರವೆಲ್ಲ ದುಡಿದು ದಣಿದವರು ಭಾನುವಾರ ಬೆಳಿಗ್ಗೆ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಪೆಡಲ್ ತುಳಿಯುತ್ತಿದ್ದರು.

ಇವನು ಪ್ರತಿ ಭಾನುವಾರವೂ ಕ್ಯಾಮೆರಾ ಹೆಗಲಿಗೇರಿಸಿ ಹೋಗಿ ರಸ್ತೆ ಬದಿಯ ಮುಳ್ಳಿನಲ್ಲಿ ಮೊಣಕಾಲೂರಿ ಕೂರುತ್ತಿದ್ದ. ಸಂಜೆಯೊಳಗೆ ಒಳ್ಳೆಯ ಚಿತ್ರಗಳನ್ನು ಆರಿಸಿ, ಅವುಗಳ ಮೇಲೆ ತನ್ನ ಸ್ಟುಡಿಯೋದ ಹೆಸರನ್ನು ಅಡ್ಡಲಾಗಿ ಹಾಕಿ, ಸವಾರರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದ. ಕೊಂಡವರಿಗೆ ಹೆಸರು ತೆಗೆದು ಚೊಕ್ಕದಾದ ಪ್ರತಿ ಕೊಡುವುದೆಂದು ಏರ್ಪಾಡು. ಹೊಗಳಿಕೆಗೇನೂ ಬರವಿರಲಿಲ್ಲ. ಸೂಪರ್ ಅಣ್ಣಾ ಎಂದು ಹತ್ತಾರು ಮಂದಿ ಬರೆಯುತ್ತಿದ್ದರು. ಕೊಳ್ಳುವವನು ಮಾತ್ರ ಒಬ್ಬನೂ ಇಲ್ಲ. ಎದೆಯ ಮೇಲೆ ಸ್ಟುಡಿಯೋದ ಹೆಸರು ಹೊತ್ತುಕೊಂಡೇ ಆ ಚಿತ್ರಗಳು ಎಲ್ಲರ ಸ್ಟೇಟಸ್ಸಿನಲ್ಲಿ ಮೆರೆಯುತ್ತಿದ್ದವು. ಪುಣ್ಯಾತ್ಮರಾದ ಮೇಷ್ಟ್ರು ಹೆಸರಿನ ಭಾಗವನ್ನು ಕತ್ತರಿಸಿ ತಮ್ಮ ಮುಖವಷ್ಟನ್ನೇ ಉಳಿಸಿಕೊಂಡಿದ್ದರು.

ಫೋಟೋಗ್ರಾಫರನಿಗೆ ಹೊಟ್ಟೆ ಉರಿಯಿತು. ಹಣ ಬರಲಿಲ್ಲವೆಂದಲ್ಲ. ಹತ್ತು ವರ್ಷ ಮುಳ್ಳಿನಲ್ಲಿ ಕೂತರೂ, ಇದು ನನಗೆ ಬೇಕು ಎಂದು ಒಬ್ಬನೂ ಅನ್ನಲಿಲ್ಲವಲ್ಲ ಎಂದು. ತನ್ನ ಚಿತ್ರಗಳನ್ನು ತಾನೇ ತಿರುವಿಹಾಕಿ ನೋಡಿದ. ಎಲ್ಲದರಲ್ಲೂ ಯಾರೋ ಒಬ್ಬ ಬಗ್ಗಿಕೊಂಡು ತುಳಿಯುತ್ತಿದ್ದಾನೆ, ಬೇರೇನೂ ನಡೆಯುತ್ತಿಲ್ಲ. ಏನಾದರೂ ನಡೆದರೆ ತಾನೇ ಚಿತ್ರ ಅನ್ನಿಸಿಕೊಳ್ಳುವುದು? ಅಂದಿನಿಂದ ಅವನು ನೇರ ರಸ್ತೆ ಬಿಟ್ಟು ತಿರುವುಗಳಲ್ಲಿ ಕೂರತೊಡಗಿದ.

ಒಂದು ಭಾನುವಾರ ಕೆರೆ ಏರಿಯ ತಿರುವಿಗೆ ಬೇಗನೆ ಬಂದ. ಇಳಿಜಾರಿನಲ್ಲಿ ಬಂದ ರಸ್ತೆ ಅಲ್ಲಿ ಒಮ್ಮೆಲೇ ಎಡಕ್ಕೆ ಹೊರಳುತ್ತಿತ್ತು. ಆ ಹೊರಳಿನ ಒಳ ಅಂಚಿನಲ್ಲೇ ಯಾವುದೋ ಟ್ರ್ಯಾಕ್ಟರಿನಿಂದ ಒಂದು ಬುಟ್ಟಿಯಷ್ಟು ಜಲ್ಲಿ ಚೆಲ್ಲಿತ್ತು. ಅಯ್ಯಯ್ಯೋ ಎಂದುಕೊಂಡು ಕಾಲಿನಿಂದ ಒಂದಿಷ್ಟನ್ನು ಬದಿಗೆ ಸರಿಸಿದ. ಆಮೇಲೆ ಸುಮ್ಮನೆ ಒಮ್ಮೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ. ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು, ಹಿಂದೆ ಕೆರೆಯ ನೀರಿತ್ತು. ಅವನ ಕಾಲು ನಿಂತಿತು. ದಾರಿ ನೋಡಿಕೊಳ್ಳಲು ರೇಸ್ ನಡೆಸುವವರಿದ್ದಾರೆ, ತನ್ನ ಕೆಲಸ ಫೋಟೋ ತೆಗೆಯುವುದು ಎಂದುಕೊಂಡ. ಹೋಗಿ ಬದಿಯಲ್ಲಿ ಕೂತ.

ಅರ್ಧ ಗಂಟೆಯಾದ ಮೇಲೆ ಹತ್ತು ಹನ್ನೆರಡು ಜನರ ಗುಂಪು ಬಂತು. ಮುಂದಿದ್ದವನು ರಸ್ತೆಯ ಹೊರ ಅಂಚನ್ನು ಹಿಡಿದ. ಹಿಂದಿದ್ದವರೂ ಅವನ ಜಾಡಿನಲ್ಲೇ ಕ್ಷೇಮವಾಗಿ ದಾಟಿದರು. ಫೋಟೋಗ್ರಾಫರನಿಗೆ ಛೇ ಅನ್ನಿಸಿತು. ಯಾಕೆ ಛೇ ಅನ್ನಿಸಿತೆಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಅವರ ಹಿಂದೆ ಒಬ್ಬನೇ ಬಂದ. ಅವನೊಬ್ಬ ಪೋಸ್ಟ್‌ಮನ್. ಗುಂಪನ್ನು ಹಿಡಿಯುವ ಆತುರದಲ್ಲಿ ತಿರುವಿನ ಒಳ ಅಂಚಿಗೆ ಬಂದ. ಚಕ್ರ ಜಲ್ಲಿಯ ಮೇಲೆ ಹೋಯಿತು. ಕ್ಯಾಮೆರಾ ಕಟಕಟನೆ ಬಡಿದುಕೊಂಡಿತು. ಮರುಕ್ಷಣ ಎಲುಬು ಮುರಿದ ಸದ್ದು ಕೇಳಿಸಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಫೋಟೋಗ್ರಾಫರ್ ಕೆಟ್ಟವನಲ್ಲ. ಕ್ಯಾಮೆರಾ ಅಲ್ಲೇ ಬಿಟ್ಟು ಓಡಿದ. ಬಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ, ಆಂಬುಲೆನ್ಸ್ ಕರೆಸಿದ, ಆಸ್ಪತ್ರೆಯವರೆಗೂ ಕೈ ಹಿಡಿದುಕೊಂಡೇ ಹೋದ. ದೇವರಂಥ ಮನುಷ್ಯ ಎಂದಿತು ಊರು. ಅವನೂ ಇಲ್ಲವೆನ್ನಲಿಲ್ಲ.

ಚಿತ್ರ ಅದ್ಭುತವಾಗಿ ಬಂದಿತ್ತು. ಚಕ್ರದಡಿಯಿಂದ ಜಲ್ಲಿ ಚಿಮ್ಮುತ್ತಿದೆ, ಸೈಕಲ್ ಆಗಲೇ ಒರಗಿದೆ, ಸವಾರ ಇನ್ನೂ ಸೀಟು ಬಿಟ್ಟಿಲ್ಲ, ಮುಖದಲ್ಲಿ ಇನ್ನೂ ಹೆದರಿಕೆ ಕಾಣಿಸಿಲ್ಲ. ಗುಂಪಿಗೆ ಕಳಿಸಿದ ಮೇಲೆ ಮೊಟ್ಟಮೊದಲ ಬಾರಿಗೆ ಒಬ್ಬ ಕೊಳ್ಳುತ್ತೇನೆಂದ. ಹಾಗೆಂದವನು ಆ ಪೋಸ್ಟ್‌ಮನ್ನೇ. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಮನೆಗೆ ತನ್ನಿ ಎಂದು ಹೇಳಿಕಳಿಸಿದ್ದ. ಫೋಟೋಗ್ರಾಫರನಿಗೆ ಸಂತೋಷದಿಂದ ಕಣ್ಣು ತುಂಬಿತು.

ಪೋಸ್ಟ್‌ಮನ್ ಮಂಚದ ಮೇಲಿದ್ದ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿತ್ತು. ಇನ್ನು ಸೈಕಲ್ ಹತ್ತುವಂತಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಹಳ್ಳಿಹಳ್ಳಿಗೆ ಟಪಾಲು ಒಯ್ಯುವ ಕೆಲಸದ ಗತಿಯೇನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವನು ಚಿತ್ರವನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಇನ್ನ ನಾ ಸೈಕಲ್ ಮ್ಯಾಲೆ ಕುಂಡ್ರೂದು ಫೋಟೋದಾಗಷ್ಟ. ಅದಕ್ಕ ತರಸಿದೆ,” ಎಂದ. “ಎಷ್ಟು ಚಂದ ಬಂದೈತ್ರಿ, ಜಲ್ಲಿದು ಒಂದೊಂದು ಹರಳೂ ಎಣಸಬಹುದು. ಬೀಳಾಕತ್ತೀನಂತ ನನಗ ತಿಳಿಯೂದ್ರಾಗ ನೀವು ಹಿಡದಬಿಟ್ಟೀರಿ. ಹೆಂಗ ಹಿಡದ್ರಿ ಅಣ್ಣಾರ?”

ಹೇಗೆ ಹಿಡಿದೆ ಎಂದು ಈ ಹತ್ತು ವರ್ಷದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ಅವನು ಉಬ್ಬಿಹೋದ.

“ಬೀಳೂದನ್ನ ನೋಡಿ ಆಮ್ಯಾಲೆ ಹಿಡೀತೀನಂದ್ರ ಯಾರ ಕೈಲೂ ಆಗೂದಿಲ್ರಿ,” ಎಂದ. “ನಾ ಅರ್ಧ ತಾಸು ಮೊದಲ ಆ ಹರಳಿನ ಮ್ಯಾಲೇ ಫೋಕಸ್ ಇಟ್ಟು ಕಾಯಕೋತ ಕುಂತಿದ್ದೆ.”

ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು. ಚಹಾ ತರುತ್ತಿದ್ದ ಪೋಸ್ಟ್‌ಮನ್ನನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಪೋಸ್ಟ್‌ಮನ್ ಒಮ್ಮೆ ಚಿತ್ರದ ಕಡೆ ನೋಡಿದ, ಒಮ್ಮೆ ಅವನ ಕಡೆ ನೋಡಿದ.

“ಒಂದ್ ಸಲ ಒದರಬಾರದಿತ್ತೇನ್ರಿ?” ಎಂದು ಕೇಳಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದ.

“ನಾ ಏನೂ ಮಾಡಿಲ್ರಿ. ಬರೇ ನೋಡಾಕತ್ತಿದ್ದೆ,” ಎಂದ ಫೋಟೋಗ್ರಾಫರ್.

ಅದು ಸುಳ್ಳಲ್ಲ. ಆ ಪೋಸ್ಟ್‌ಮನ್ನನ ಮೇಲೆ ಅವನಿಗೆ ಎಳ್ಳಷ್ಟೂ ದ್ವೇಷವಿರಲಿಲ್ಲ. ಬರುವವನು ಇವನೇ ಎಂದೂ ಗೊತ್ತಿರಲಿಲ್ಲ. ಅಲ್ಲಿ ಕೂತವನಿಗೆ ಯಾರು ಬಿದ್ದರೂ ಆಗುತ್ತಿತ್ತು. ಇದು ಮನಸ್ಸಿಗೆ ಬಂದ ಕೂಡಲೇ ಇನ್ನೊಂದು ಯೋಚನೆಯೂ ಬಂತು. ಇವನ ಬದಲು ತನ್ನ ಸ್ವಂತ ತಮ್ಮ ಬಂದಿದ್ದರೆ? ಇಳಿಜಾರಿನ ತುದಿಯಲ್ಲಿ ಕಂಡ ಕೂಡಲೇ ಕೂಗಿ, ಎದ್ದು ರಸ್ತೆಗೆ ಓಡುತ್ತಿದ್ದೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ತಮ್ಮನಿಗೆ ಕೂಗುತ್ತಿದ್ದವನು ಇವನಿಗೆ ಕೂಗಲಿಲ್ಲ. ತನ್ನೊಳಗೆ ಹೀಗೂ ಒಬ್ಬ ಕೂತಿದ್ದಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಹೆಣ್ಣುಮಗಳು ಮುಂದೆ ಬಂದು ಲೋಟವನ್ನು ಅವನ ಮುಂದಿಟ್ಟಳು. ಮನೆಗೆ ಬಂದವರಿಗೆ ಕೊಡಲೇಬೇಕು, ಕೊಟ್ಟಳು. “ಆರತೈತಿ, ಕುಡೀರಿ,” ಎಂದಳು. ಅವನು ಲೋಟವನ್ನು ಮುಟ್ಟಲಾರದೆ ಎದ್ದ. ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಇಳಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ನನ್ನದು ಹಾಗಲ್ಲ, ಗುರುಗಳೇ. ಅವನಿಗೆ ಚಿತ್ರ ಬೇಕಾಗಿತ್ತು, ನನಗೇನೂ ಬೇಕಾಗಿರಲಿಲ್ಲ. ಅವರು ಹೊಡೆದಾಡಿದರು, ನಾನು ಅಲ್ಲಿದ್ದೆ, ಅಷ್ಟೆ,” ಎಂದ ಶಿಷ್ಯ.

“ಅವರಿಬ್ಬರೂ ಬರುವುದಕ್ಕೆ ಎಷ್ಟು ಹೊತ್ತು ಮುಂಚೆ ನೀನು ಹೋಗಿ ಕೂತಿದ್ದೆ?” ಎಂದು ಗುರುಗಳು ಕೇಳಿದರು.