ಯಾರನ್ನೂ ಒಳಗೆ ಬಿಡದ ಫಾರಂ

“ಗುರುಗಳೇ, ದಿನಕ್ಕೆ ಮೂರು ತಾಸು ಬಾಗಿಲು ಹಾಕಿಕೊಂಡು ಮೌನವಾಗಿ ಕೂರುತ್ತೇನೆ. ಮನಸ್ಸು ಎಷ್ಟೋ ತಿಳಿಯಾಗಿದೆ. ಈಗ ನಾನು ಕೂರುವುದನ್ನು ನೋಡಬೇಕೆಂದು ಊರಿನವರು ಬರುತ್ತಿದ್ದಾರೆ. ಬಾಗಿಲು ತೆರೆದಿಡಲೇ? ನೋಡಿ ನಾಲ್ಕು ಜನ ಕಲಿತರೆ ಒಳ್ಳೆಯದೇ ಅಲ್ಲವೇ?” ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಮೀಸೆಯಲ್ಲೇ ನಕ್ಕರು. “ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಶುರು ಮಾಡಿದರು.

ಒಬ್ಬ ರೈತ ಐದು ಸಾವಿರ ಮೊಟ್ಟೆಕೋಳಿ ಸಾಕಿದ್ದ. ಒಂದು ವರ್ಷ ಸುತ್ತಲಿನ ಫಾರಂಗಳಿಗೆಲ್ಲ ಕೋಳಿರೋಗ ಬಡಿಯಿತು. ಇವನ ಫಾರಂ ಕಡೆ ಅದು ತಲೆ ಹಾಕಲಿಲ್ಲ. ಹಾಕುವುದಾದರೂ ಹೇಗೆ? ಮನುಷ್ಯ ಅಷ್ಟು ಖಡಕ್ಕು. ಗೇಟಿನಲ್ಲಿ ಔಷಧಿ ನೀರಿನ ತೊಟ್ಟಿ ಕಟ್ಟಿಸಿದ್ದ. ಅದರಲ್ಲಿ ಕಾಲು ಅದ್ದದೆ ತಾನೂ ಒಳಗೆ ಹೋಗುತ್ತಿರಲಿಲ್ಲ. ಒಳಗೆ ಬೇರೆ ಚಪ್ಪಲಿ, ಬೇರೆ ಅಂಗಿ. ಮೊಟ್ಟೆ ವ್ಯಾಪಾರಿಯ ಗಾಡಿ ಗೇಟಿನಾಚೆಯೇ ನಿಲ್ಲಬೇಕು. ಹೆಂಡತಿಯ ಸ್ವಂತ ಅಣ್ಣ ಬಂದಾಗಲೂ ಬೇಲಿಯಾಚೆಯೇ ಕಾಫಿ ಕೊಟ್ಟು ಕಳಿಸಿದ್ದ! ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಒಂದು ದಿನ ಯಾರೋ ದಾರಿಹೋಕ, “ನಿಮ್ಮಲ್ಲಿ ನೊಣವೂ ಒಳಗೆ ಬರಲ್ಲವಂತೆ, ಭೇಷ್!” ಎಂದ. ರೈತ ಉಬ್ಬಿಹೋದ. “ಬನ್ನಿ, ತೋರಿಸುತ್ತೇನೆ” ಎಂದು ಅವನನ್ನು ಒಳಗೆ ಕರೆದೊಯ್ದ. ಮರುದಿನ ಸುತ್ತಲಿನ ಫಾರಂಗಳಿಂದ ನಾಲ್ವರು ಬಂದರು. ವಾರದೊಳಗೆ ಮದುವೆ ಮನೆಯಷ್ಟು ಜನ. ಗೇಟಿನ ಬಳಿ ಚಪ್ಪರ ಹಾಕಿಸಿದ, ಕುರ್ಚಿ ಹಾಕಿಸಿದ. ಎಲ್ಲರ ಕಾಲನ್ನೂ ತೊಟ್ಟಿಯಲ್ಲಿ ಅದ್ದಿಸಿ, ಶೆಡ್ಡಿನೊಳಗೆ ನಿಲ್ಲಿಸಿಕೊಂಡು, ತಾನು ಯಾರನ್ನೂ ಒಳಗೆ ಬಿಡದ ಕ್ರಮವನ್ನು ಅರ್ಧ ಗಂಟೆ ವಿವರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಔಷಧಿ ಕೆಸರಾಗಿರುತ್ತಿತ್ತು. ಬದಲಿಸಲು ಅವನಿಗೆ ಪುರುಸೊತ್ತೆಲ್ಲಿ?

ಹೆಂಡತಿಗೆ ತಡೆಯಲಾಗಲಿಲ್ಲ. “ನನ್ನ ಅಣ್ಣನಿಗೆ ಬೇಲಿಯಾಚೆ ಕಾಫಿ! ಈಗ ಯಾರನ್ನೂ ಒಳಗೆ ಬಿಡೋದಿಲ್ಲ ಅಂತ ತೋರಿಸೋಕೆ ಊರನ್ನೆಲ್ಲ ಒಳಗೆ ಕರೀತಿದ್ದೀರಲ್ಲ, ನಿಮಗೇನಾಗಿದೆ?”

“ಅವರ ಕೋಳಿಗಳು ಸಾಯ್ತಿವೆ ಕಣೇ. ಪಾಪ, ನೋಡಿ ಕಲೀಲಿ.”

“ಅಯ್ಯೋ, ಅದಕ್ಕೇ ಕಣ್ರೀ ಹೇಳ್ತಿರೋದು! ಆ ಸಾಯ್ತಿರೋ ಕೋಳಿಗಳ ಮಧ್ಯದಿಂದ ಎದ್ದು ನೆಟ್ಟಗೆ ಇಲ್ಲಿಗೇ ಬರ್ತಿದ್ದಾರೆ!”

ಅವಳ ಮಾತು ಅವನ ಕಿವಿಗೆ ಬೀಳಲಿಲ್ಲ. ಗೇಟಿನಲ್ಲಿ ಯಾರೋ ‘ಭೇಷ್’ ಎನ್ನುತ್ತಿದ್ದರು.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕೋಳಿಗಳು ಕತ್ತು ಇಳಿಬಿಟ್ಟು ನಿಂತಿದ್ದವು. ಮುಂದಿನ ವಾರಕ್ಕೆ ಶೆಡ್ಡು ಖಾಲಿ. ರೈತ ಚಪ್ಪರದ ಕುರ್ಚಿಯೊಂದರಲ್ಲಿ ಕುಸಿದು ಗೊಳೋ ಎಂದು ಅತ್ತ. ಅಷ್ಟರಲ್ಲಿ ಇನ್ನಿಬ್ಬರು ಗೇಟಿಗೆ ಬಂದರು. ಅಭ್ಯಾಸಬಲ ನೋಡು, ಕಣ್ಣೊರೆಸಿಕೊಳ್ಳುತ್ತಲೇ ಹೇಳಿದ: “ಮೊದಲು ಕಾಲು ಅದ್ದಿ, ಆಮೇಲೆ ಒಳಗೆ ಬನ್ನಿ.”

ಚನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ, ಗುರುಗಳೇ!”

ಅವನ ನಗು ಮುಗಿಯುವವರೆಗೂ ಗುರುಗಳು ಕಾದರು. ಆಮೇಲೆ ಮೆಲ್ಲಗೆ ಕೇಳಿದರು: “ನಾಳೆ ನಿನ್ನ ಮೌನಕ್ಕೆ ಎಷ್ಟು ಕುರ್ಚಿ ಹಾಕಿಸಲಿ?”